ಸೀತನಿ ಹೊಲದಲ್ಲೊಂದು ಕುರ್ಚಿ

ದೂರದವರನ್ನು ಪ್ರೀತಿಸುವುದು ಬಲು ಸುಲಭ. ನಮ್ಮ ಬಾಗೇವಾಡಿಯ ಮಾನವ ಮಂಡಳಿಯವರು ಈ ವಿದ್ಯೆಯಲ್ಲಿ ನುರಿತವರು. ಅರವತ್ತರ ದಶಕದ ಶುರು ಅದು. ಎಲ್ಲೋ ಸಮುದ್ರದಾಚೆ ಕರಿಯರನ್ನು ಬಸ್ಸಿನಲ್ಲಿ ಬೇರೆ ಕೂರಿಸುತ್ತಾರೆಂದು ಪತ್ರಿಕೆಯಲ್ಲಿ ಓದಿದರೆ ಸಾಕು, ಸಂಜೆಯೊಳಗೆ ಖಂಡನೆಯ ಠರಾವು ಪಾಸಾಗುತ್ತಿತ್ತು. ಇಂಗ್ಲಿಷ್ ಮಾಸ್ತರನೆಂಬ ಕಾರಣಕ್ಕೆ ನಾನೇ ಕಾರ್ಯದರ್ಶಿ. ನಮ್ಮ ಸಿಟ್ಟು ಆ ದೇಶಕ್ಕೆ ಮುಟ್ಟುತ್ತಿತ್ತೋ ಇಲ್ಲವೋ, ನನ್ನ ಹೆಂಡತಿಗಂತೂ ಮುಟ್ಟುತ್ತಿತ್ತು. "ಜಗತ್ತು ಆಮ್ಯಾಲ ಸುಧಾರಿಸೀರಂತ, ಮದ್ಲ ಹಿಟ್ಟು ಬೀಸಿಸ್ಕೊಂಡು ಬರ್ರಿ" ಎನ್ನುತ್ತಿದ್ದಳು.

ಇಂಥ ಮಂಡಳಿಗೆ ನಿಜವಾಗಿಯೂ ಒಬ್ಬ ಆಫ್ರಿಕದವನು ಬರುತ್ತಾನೆಂದಾಗ ನಮಗೆ ಕೈಕಾಲೇ ಆಡಲಿಲ್ಲ. ಧಾರವಾಡದಲ್ಲಿ ಬೇಸಾಯ ಓದುತ್ತಿದ್ದ ಕೀನ್ಯಾದ ಜೋಸೆಫ್. ಸೀತನಿಯ ದಿನಗಳು ಬೇರೆ. ಎಳೆ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಕಂಬಳಿಯ ಮೇಲೆ ಉಜ್ಜಿ, ಸುತ್ತ ಕೂತು ಎಲ್ಲರೂ ಒಂದೇ ರಾಶಿಯಿಂದ ತಿನ್ನುವ ಸಂಭ್ರಮ ನಮ್ಮ ಕಡೆಯದು. ಸಭೆ ಮನಗೂಳಿ ರಸ್ತೆಯಲ್ಲಿರುವ ಅಧ್ಯಕ್ಷ ಮೋದಿನಸಾಬರ ಹೊಲದಲ್ಲೇ ಎಂದಾಯಿತು. ಅತಿಥಿಗೆ ಕೊರತೆಯಾಗಬಾರದೆಂದು ಚಕ್ಕಡಿಯಲ್ಲಿ ಕುರ್ಚಿ ತರಿಸಿದೆವು. ಕೊರಳಿಗೆ ಸೇವಂತಿಗೆ ಮಾಲೆ, ಕೈಗೆ ಬೇರೆ ತಾಟು. ನಾವೆಲ್ಲ ಕೆಳಗೆ, ಅವನೊಬ್ಬ ಮೇಲೆ.

ಅವನು ನಮ್ಮ ರಾಶಿ ನೋಡಿದ, ತನ್ನ ತಾಟು ನೋಡಿದ. "ಎಲ್ಲರೂ ಒಂದೇ ಅನ್ನುವವರು ನನ್ನನ್ನೇಕೆ ಬೇರೆ ಕೂರಿಸಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿ, ಉತ್ತರಕ್ಕೂ ಕಾಯದೆ ಇಳಿದು ಬಂದು ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಒಂದೇ ಉಸಿರಿಗೆ ಹೊಟ್ಟು ಊದಿ, ಹಸಿರು ಕಾಳು ಬಾಯಿಗೆ ಎಸೆದುಕೊಂಡ. ನಾವು ಬೆಪ್ಪಾಗಿ ನೋಡಿದೆವು. ಅವನ ಅಜ್ಜಿಯೂ ಹೀಗೇ ಸುಡುತ್ತಾಳಂತೆ. ಜೋಳ ಮೊದಲು ಹುಟ್ಟಿದ್ದೇ ಅವರ ಖಂಡದಲ್ಲಂತೆ! ನಮ್ಮ ರಟ್ಟೆ, ನಮ್ಮ ಮಾತಿನ ಗಡಸು ಎಲ್ಲ ಜೋಳದಿಂದಲೇ ಎಂದು ಬೀಗುತ್ತಿದ್ದ ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಯಾರ ಮನೆಯ ಅನ್ನ ಉಂಡಿದ್ದೆವು!

"ಹಂಗಾರ ನೀವು ನಮ್ಮ ಬೀಗರಾದ್ರಿ ಬಿಡ್ರಿ! ಇನ್ನೊಂದೀಟು ತಿನ್ರಿ" ಎಂದರು ಮೋದಿನಸಾಬರು. ನಾನು ಅನುವಾದಿಸಿದೆ. ಅವನು ನಕ್ಕ ನಗೆಗೆ ಹೊಲದ ಹಕ್ಕಿಗಳೆಲ್ಲ ಎದ್ದವು.

ಆಗ ಅವನ ಕಣ್ಣು ಹೊಲದಂಚಿನ ಒಡ್ಡಿನ ಕಡೆ ಹೋಯಿತು. ಬೆಳಗಿನಿಂದ ತೆನೆ ಮುರಿದುಕೊಟ್ಟ ದ್ಯಾಮವ್ವ ಅಲ್ಲಿ ಒಬ್ಬಳೇ ಕೂತಿದ್ದಳು. ಹೊಲಗೇರಿಯವಳು. ಅವಳ ಪಾಲನ್ನು ಮೇಲಿನಿಂದ ಸೆರಗಿಗೆ ಸುರಿಯುವುದು ವಾಡಿಕೆ, ಅಂದೂ ಸುರಿದಿದ್ದೆವು. ನಮ್ಮ ಯಾವ ಠರಾವೂ ಅಷ್ಟು ಹತ್ತಿರಕ್ಕೆ ಬಂದಿರಲಿಲ್ಲ.

"ಆಕೆ ಯಾವ ದೇಶದವರು?" ಎಂದು ಜೋಸೆಫ್ ನನ್ನನ್ನು ಕೇಳಿದ.

"ಏನಂತಾರ್ರಿ ಮಾಸ್ತರ?" ಎಂದರು ಮೋದಿನಸಾಬರು. ನನಗೆ ಇಂಗ್ಲಿಷ್ ಬಾರದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಹೇಳಿದೆ. ಎಲ್ಲರೂ ತೆನೆ ಉಜ್ಜುವುದರಲ್ಲಿ ಮುಳುಗಿದರು. ಒಡ್ಡಿನ ಮೇಲಿಂದ ದ್ಯಾಮವ್ವನೇ ಕೂಗಿದಳು: "ನಾ ಇಲ್ಲೇದಾಕಿನ ಅಂತ ಹೇಳ್ರಿ ಅವರಿಗೆ. ಇದ ಊರು!"

ಅದನ್ನೂ ಹೇಳಿದೆ. ಜೋಸೆಫ್ ತನ್ನ ಪಕ್ಕದ ಕಂಬಳಿಯನ್ನು ತಟ್ಟಿ ಕರೆದ. ಅವಳು ಮೋದಿನಸಾಬರ ಮುಖ ನೋಡಿದಳು. "ಬಾ ಬೇ ದ್ಯಾಮವ್ವ, ಕಾಳು ಆರಿ ಹೋಗ್ತಾವ" ಎಂದರು ಅವರು, ದನಿ ಸಣ್ಣದಾಗಿತ್ತು. ಅವಳು ಬಂದು ಕೂತು, ನೆಟ್ಟಗೆ ರಾಶಿಗೇ ಕೈ ಹಾಕಿದಳು. ನನ್ನ ಕಣ್ಣು ಯಾಕೋ ತುಂಬಿತು. ಕುಳ್ಳಿನ ಹೊಗೆ ಎಂದುಕೊಂಡೆ. ಅವಳಿಗೆ ಜಾಗವಾಗಲೆಂದು ಸರಿಯುತ್ತ ಸರಿಯುತ್ತ ನಾನೇ ಕಂಬಳಿಯಿಂದ ಹೊರಬಿದ್ದು, ಅವಳು ಕೂತಿದ್ದ ಒಡ್ಡಿಗೇ ಒರಗಿ ಕೂತೆ. ಅಲ್ಲಿಂದ ಮಂಡಳಿ ಹೇಗೆ ಕಾಣುತ್ತದೆಂದು ಅದರ ಕಾರ್ಯದರ್ಶಿಗೆ ಗೊತ್ತಾದದ್ದು ಅವತ್ತೇ.