ಬಿಳಿ ಕಾರು ಗುದ್ದಲಿಲ್ಲ

೨೦೨೪ರ ಜೂನ್ ೧೯, ಬುಧವಾರ, ಬೆಳಿಗ್ಗೆ ೭ ಗಂಟೆ ೪೦ ನಿಮಿಷ. ವಾಸ್ಕೋ ಬಸ್ ನಿಲ್ದಾಣದ ಎದುರು ಚಹಾ ಮುಗಿಸಿದ ದಾವಲಮಲಿಕ ಬೆಂಚಿನಿಂದ ಎದ್ದ, ಬಿದ್ದ. ನಡುವೆ ಬೇರೇನೂ ನಡೆಯಲಿಲ್ಲ. ನಾಯಿ ಅಡ್ಡ ಬಂದಿರಲಿಲ್ಲ. ತಗಡಿನ ಚಪ್ಪರದ ಕೆಳಗಿನ ನೆಲ ಒಣಗಿಯೇ ಇತ್ತು. ಲಾರಿಯಿಂದ ಜಾರಿದ ಸಿಮೆಂಟಿನ ಚೀಲದ ಹಾಗೆ ಬಿದ್ದು ಹುಬ್ಬು ಒಡೆದುಕೊಂಡ.

ಅರವತ್ತೇಳರ ದಾವಲಮಲಿಕ ಪೈಲಟ್. ಗೋವಾದಲ್ಲಿ ಬಾಡಿಗೆಗೆ ಬೈಕಿನ ಹಿಂದೆ ಜನರನ್ನು ಕೂರಿಸಿಕೊಂಡು ಹೋಗುವವರಿಗೆ ಆ ದೊಡ್ಡ ಹೆಸರು. ಅವನ ಪರವಾನಗಿ ಬ್ಯಾಜು ಮುಂದುವರಿಯಬೇಕಾದರೆ ಮರುದಿನ ಡಾಕ್ಟರ ತಪಾಸಣೆಯಲ್ಲಿ ಪಾಸಾಗಬೇಕಿತ್ತು. ಬೆಂಚಿನಿಂದ ಎದ್ದರೆ ಬೀಳುವವನ ಬೆನ್ನ ಹಿಂದೆ ಯಾರು ಕೂರುತ್ತಾರೆ?

ಜೊತೆಯ ಪೈಲಟ್ ಕರೆಪ್ಪ ಓಡಿ ಬಂದ. "ಚಾಚಾ, ಏನಾತು?"

"ಬೈಕ್ ಸ್ಲಿಪ್ ಆತು."

"ಬೈಕ್ ಅಲ್ಲೇ ಸ್ಟ್ಯಾಂಡ್ ಹಾಕಿ ನಿಂತೈತಲ್ಲೋ!"

"ಅದು ನಿಂತೈತಿ, ನಾ ಬಿದ್ದೇನಿ. ದವಾಖಾನ್ಯಾಗ ಹಂಗ ಹೇಳು."

ಕರೆಪ್ಪನಿಗೆ ಒಂದು ಹೇಳಿದರೆ ನಾಲ್ಕು ಮಾಡುವ ಅಭ್ಯಾಸ. ತುರ್ತು ಚಿಕಿತ್ಸೆಯ ಕೋಣೆಗೆ ಕಾಲಿಟ್ಟವನೇ ಕೂಗಿದ: "ಕಾರ್ ಗುದ್ದೇತ್ರಿ! ಬಿಳಿ ಕಾರು! ನಾ ಕಣ್ಣಾರೆ ನೋಡೇನಿ!"

ಅಪಘಾತವೆಂದ ಮೇಲೆ ಪೊಲೀಸರು ಬರಲೇಬೇಕು. ಬಂದ ಹವಾಲ್ದಾರ "ಗಾಡಿ ಖಂಯ್ ಆಸಾ?" ಎಂದು ಕೊಂಕಣಿಯಲ್ಲಿ ಮೊದಲು ಬೈಕು ಎಲ್ಲಿದೆಯೆಂದೇ ಕೇಳಿದ; ತನಿಖೆ ಮುಗಿಯುವ ತನಕ ಅದು ಠಾಣೆಯಲ್ಲಿರಬೇಕಂತೆ. ಅದೇ ಹೊತ್ತಿಗೆ ಕರೆಪ್ಪನ ಫೋನು ಬಡಿದುಕೊಂಡಿತು.

"ಸಿಕ್ಕಾನ ಚಾಚಾ, ಬಿಳಿ ಕಾರಿನಾಂವ ಸಿಕ್ಕಾನ! ನಮ್ಮ ಪೈಲಟ್ ಹುಡುಗ್ರು ಹಿಡದಾರ. ಹೊಸದಾಗಿ ಲಗ್ನ ಆದಾಂವ, ಹೆಂಡ್ತಿ ಮುಂದ ಅಳಾಕತ್ತಾನಂತ."

ದಾವಲಮಲಿಕನಿಗೆ ತಡೆಯಲಾಗಲಿಲ್ಲ. "ಬಿಡಸೋ ಅವನ್ನ! ಸಾಹೇಬ್ರ, ಕಾರೂ ಇಲ್ಲ, ಬೈಕೂ ಇಲ್ಲ. ಬೆಂಚಿನಿಂದ ಎದ್ದೆ, ಬಿದ್ದೆ. ಅಷ್ಟ."

ಹವಾಲ್ದಾರ ನಿಟ್ಟುಸಿರು ಬಿಟ್ಟು ಹೊರಟ. ಕರೆಪ್ಪನ ಮುಖ ಸಣ್ಣದಾಯಿತು. "ನಾ ಕಣ್ಣಾರೆ ನೋಡಿದ್ದನ್ನ ಸುಳ್ಳು ಮಾಡಿದಿಯಲ್ಲ ಚಾಚಾ!"

ಬೈಕು ಉಳಿಯಿತು. ಆದರೆ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದ ಧಾರವಾಡದ ಕಡೆಯ ಡಾಕ್ಟರ್ ನೇತ್ರಾಳ ಕೈ ನಿಂತಿತು.

"ಅಜ್ಜಾರ, ಕಾರ್ ಗುದ್ದಿದ್ರ ಹೊಲಿಗಿ ಹಾಕಿ ಮನಿಗೆ ಕಳಸ್ತಿದ್ದೆ. ಸುಮ್ನ ಬಿದ್ದೀರಿ ಅಂದ್ರ ಬಿಡೂಹಂಗಿಲ್ಲ."

ಮಲಗಿಸಿ ಬಿಪಿ ನೋಡಿದಳು: ೧೪೪. ನಿಲ್ಲಿಸಿ ನೋಡಿ ಹುಬ್ಬು ಗಂಟಿಕ್ಕಿದಳು. "ನಿಂತ ಕೂಡ್ಲೆ ಭಾಳ ಇಳಿಯಾಕತ್ತೇತಿ. ಗಾಡಿ ಓಡಸೂದು ಬ್ಯಾಡ್ರಿ."

ದಾವಲಮಲಿಕ ಕೊನೆಯ ಗುಟ್ಟನ್ನೂ ಬಿಚ್ಚಿದ. "ಡಾಕ್ಟರಬಾಯಿ, ಇದು ವಯಸ್ಸಿಂದಲ್ರಿ. ನಾಳಿನ ತಪಾಸಣಿಗೆ ಬಿಪಿ ಕಡಿಮಿ ಬರ್ಲಿ ಅಂತ ಮುಂಜಾನೆ ನಮ್ಮಕಿ ಬಿಪಿ ಗುಳಿಗಿ ಕದ್ದು ನುಂಗೇನಿ!"

ನೇತ್ರಾ ನಕ್ಕುಬಿಟ್ಟಳು. "ಅಯ್ಯ, ಇಂಥಾ ಕೆಲಸ ಮಾಡ್ತಾರೇನ್ರಿ! ಹಂಗಾರ ಅದರಿಂದನ ಇರಬೇಕು. ಬಿಟ್ರ ಸರಿ ಆದೀತು." ದಾವಲಮಲಿಕನ ಮುಖ ಈದ್ ಹಬ್ಬದ ಚಂದ್ರನಂತೆ ಅರಳಿತು.

ಆಗ ಹೆಂಡತಿ ಸುಗರಾಬಿ ಏದುಸಿರು ಬಿಡುತ್ತ ಒಳಗೆ ಬಂದಳು.

"ಅಮ್ಮಾರ, ನಿಮ್ಮ ಬಿಪಿ ಗುಳಿಗಿ ಯಾವುದ್ರಿ?" ನೇತ್ರಾ ಕೇಳಿದಳು.

ಸುಗರಾಬಿ ಗಂಡನನ್ನು ನೋಡಿದಳು, ನೆಲ ನೋಡಿದಳು. "ನನಗ ಬಿಪಿ ಇಲ್ರಿ. ಅದು ಎಲುಬಿಗೆ ಶಕ್ತಿ ಬರೂ ಗುಳಿಗಿ. ಹ್ವಾದ ವರ್ಷ ಬಚ್ಚಲದಾಗ ಬಿದ್ದು ಮುಂಗೈ ಬಿರುಕು ಬಿಟ್ಟಿತ್ರಿ. ಇವರಿಗೆ ಹೇಳಿದ್ರ ದುಡಿಮಿ ಬಿಟ್ಟು ನನ್ನ ಕಾಯ್ಕೋತ ಕುಂದರತಿದ್ರು. ಅದಕ್ಕ ಬಿಪಿ ಗುಳಿಗಿ ಅಂದಿದ್ನಿ."

 

ಹೋದ ವರ್ಷ ಸ್ವಲ್ಪ ಕಾಲ ರೊಟ್ಟಿ ದಪ್ಪಗೆ ಬರುತ್ತಿದ್ದದ್ದು ದಾವಲಮಲಿಕನಿಗೆ ನೆನಪಾಯಿತು. "ಕೈಗೆ ಏನ್ ರೋಗ ಬಂದೈತಿ?" ಎಂದು ಸಿಡುಕಿ, ಉತ್ತರ ಕೇಳದೆ ಬೈಕು ಹತ್ತಿ ಹೋಗಿದ್ದ.

"ಎಲುಬಿನ ಗುಳಿಗಿಯಿಂದ ಬಿಪಿ ಇಳಿಯೂದಿಲ್ಲ, ಅಜ್ಜಾರ," ನೇತ್ರಾ ಮೆಲ್ಲಗೆ ಹೇಳಿದಳು. "ಇನ್ನೊಮ್ಮೆ ನೋಡೂಣು."

ಅವನನ್ನು ಸ್ವಲ್ಪ ಹೊತ್ತು ಮಲಗಿಸಿ, ಮತ್ತೆ ನಿಲ್ಲಿಸಿದರು. ಈ ಸಲ ಬೀಳದಂತೆ ಸುಗರಾಬಿ ಹಿಡಿದುಕೊಂಡಳು. ಮಲಗಿದ್ದಾಗ ೧೪೪ ಇದ್ದ ದಾವಲಮಲಿಕನ ಬಿಪಿ ನಿಂತ ಕೂಡಲೇ ೯೮.