ಭಾವನ ಅನುಮಾನ, ನನ್ನ ಎಡಗೈ

ನಮ್ಮ ಭಾವ ನಂಬಿರುವುದು ಒಂದನ್ನೇ: ಯಾರನ್ನೂ ನಂಬಬಾರದು! ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿರುವ ಅವರ ಮನೆಗೆ ಯಾರೇ ಹೋಗಲಿ, "ಬನ್ನಿ" ಎನ್ನುವ ಮೊದಲೇ ಒಂದು ಕಿತ್ತಳೆಹಣ್ಣು ಮುಖದತ್ತ ಹಾರಿ ಬರುತ್ತದೆ. ಬಂದವರು ಯಾವ ಕೈಯಲ್ಲಿ ಹಿಡಿಯುತ್ತಾರೆಂದು ನೋಡಬೇಕಲ್ಲ! ಮೂಗಿಗೆ ಬಡಿಸಿಕೊಂಡವರಿಗೆ ಅದರದೇ ಜ್ಯೂಸು.

ಇದೆಲ್ಲ ಶುರುವಾದದ್ದು ಕಂಪನಿಯವರು ಅವರನ್ನು ತರಬೇತಿಗೆಂದು ಅಮೆರಿಕಕ್ಕೆ ಕಳಿಸಿದ ಮೇಲೆ. ಎಲ್ಲರೂ ಅಲ್ಲಿಂದ ಚಾಕೊಲೇಟು ತಂದರೆ ಇವರು ಬೇಸ್‌ಬಾಲ್ ತಂದರು. ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನ ಹಿಂದಿನ ಬಯಲಿನಲ್ಲಿ ಭಾನುವಾರ ಸೌತ್ ಸಿ ಕನ್ನಡಿಗರಿಗೂ ಸೌತ್ ಬಿ ಕನ್ನಡಿಗರಿಗೂ ಪಂದ್ಯ. ಆ ಕಡೆಯ ದಂತವೈದ್ಯರೊಬ್ಬರು ಎಡಗೈ ಬ್ಯಾಟಿಂಗಿನವರು. ನಮ್ಮ ಚೆಂಡುಗಳನ್ನು ಹಲ್ಲು ಕಿತ್ತಷ್ಟು ಸಲೀಸಾಗಿ ಗೋಡೆಯಾಚೆ ಕಳಿಸುತ್ತಿದ್ದರು.

"ಅದಕ್ಕೇ ಎಡಗೈಲಿ ಎಸೆಯೋನೊಬ್ಬ ಬೇಕು ಕಣೋ," ಎಂದರು ಭಾವ. "ಎಡಗೈ ಎಸೆತ ಎಡಗೈ ಬ್ಯಾಟಿನವನಿಗೆ ಹೊಡೆಯೋಕೆ ಕಷ್ಟ. ಅಂಥವನು ಇಡೀ ಮ್ಯಾಚು ಬುಲ್‌ಪೆನ್‌ನಲ್ಲಿ ಮೈದಾನದ ಅಂಚಲ್ಲಿ ಕಾಯ್ತಾ ಕೂತಿರ್ತಾನೆ. ಎಡಗೈ ಬ್ಯಾಟಿನವನು ಬಂದಾಗ ಇಳೀತಾನೆ, ಅವನೊಬ್ಬನ್ನ ಔಟ್ ಮಾಡ್ತಾನೆ, ವಾಪಸ್ ಹೋಗ್ತಾನೆ."

"ಒಬ್ಬನಿಗೋಸ್ಕರ ಒಬ್ಬನ್ನ ಸಾಕೋದಾ?"

"ಹ್ಞೂಂ! ಆ ಒಬ್ಬನೇ ತಾನೆ ನಮ್ಮನ್ನ ಸೋಲಿಸೋದು!"

ಹೀಗೆನ್ನುವ ಮಹಾನುಭಾವರು, ಎಡಗೈಯಲ್ಲಿ ಕೊಟ್ಟರೆ ನೀರನ್ನೂ ಮುಟ್ಟುವವರಲ್ಲ!

ನಾನು ಎಡಗೈಯನ್ನು ಜೇಬಿಗೆ ತುರುಕಿದೆ. ನಾನು ಹುಟ್ಟು ಎಡಚ. ಚಿಕ್ಕಂದಿನಲ್ಲಿ ಊಟಕ್ಕೆ ಕೂತರೆ ಅಜ್ಜಿ ಆ ಕೈಯನ್ನು ಟವೆಲ್ಲಿನಿಂದ ಸೊಂಟಕ್ಕೆ ಕಟ್ಟುತ್ತಿದ್ದರು. ಅದು ನಾಚಿಕೆಯ ಕೈ ಎಂದು ನಂಬಿ ನಲವತ್ತು ವರ್ಷ ಬಚ್ಚಿಟ್ಟೆ. ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಕಿತ್ತಳೆಯನ್ನೂ ಬಲಗೈಯಲ್ಲೇ ಹಿಡಿಯುತ್ತಿದ್ದೆ. ಆದರೂ ಭಾವ ಬಿಡಬೇಕಲ್ಲ!

"ಮಟಾಟು ವ್ಯಾನು ನಿಲ್ಲಿಸೋಕೆ ಎಡಗೈ ಯಾಕೆ ಎತ್ತಿದೆ?"

"ಬಲಗೈಲಿ ಚೀಲ ಇತ್ತು."

"ಚೀಲ ಬಲಗೈಲಿ ಯಾಕಿತ್ತು?"

ಪೊಲೀಸರೂ ಹೀಗೆ ಕೇಳಲಾರರು! ಬಾಯಿಬಿಟ್ಟವಳು ಅಕ್ಕನೇ ಇರಬೇಕೆಂದು ನನಗೆ ಅವಳ ಮೇಲೂ ಗುಮಾನಿ.

ಒಂದು ದಿನ ಒಟ್ಟಿಗೇ ಎರಡು ಕಿತ್ತಳೆ ಎಸೆದರು. ಬಲಗೈಯದು ನೆಲಕ್ಕೆ ಬಿತ್ತು, ಎಡಗೈಯದು ಕೈಯಲ್ಲೇ ಉಳಿಯಿತು. "ಮಾಮಾ, ಯು ಆರ್ ಎ ಲೆಫ್ಟಿ!" ಎಂದು ಅಕ್ಕನ ಮಗಳು ಕಿರುಚಿದಳು. ಭಾವ ಮಾತ್ರ ತಲೆಯಾಡಿಸಿದರು.

ಮುಂದಿನ ಭಾನುವಾರ ನಾನು ಬುಲ್‌ಪೆನ್‌ನಲ್ಲಿದ್ದೆ, ಅಂದರೆ ಲಾರಿಯ ನೆರಳಿನಲ್ಲಿ ಹಾಸಿದ ಚಾಪೆಯ ಮೇಲೆ. ಎರಡು ಗಂಟೆ ಕೂತು ಬೆವರಿದೆ. ಕೊನೆಗೆ ಡಾಕ್ಟರು ಬ್ಯಾಟು ಹಿಡಿದು ಬಂದರು, ಭಾವ ನನ್ನತ್ತ ಕೈಬೀಸಿದರು. ನನ್ನ ಮೂರನೆಯ ಎಸೆತ ಬ್ಯಾಟಿನ ಅಂಚಿಗೆ ತಗಲಿ ಮೇಲೆ ಹಾರಿತು. ಕೆಳಗಿಳಿದಾಗ ಭಾವನ ಕೈಯಲ್ಲಿತ್ತು! ಉಳಿದವರೆಲ್ಲ ಸೇರಿ ನಮ್ಮನ್ನು ಸೋಲಿಸಿದರು, ಆ ಮಾತು ಬೇಡ.

ಆಟ ಮುಗಿದ ಮೇಲೆ ಭಾವ ಅಕ್ಕನ ಡಬ್ಬಿಯಿಂದ ರವೆಉಂಡೆ ಹಂಚುತ್ತಾ ಬಂದರು. ನಾನು ಅಭ್ಯಾಸದಂತೆ ಬಲಗೈ ಚಾಚಿದೆ.

"ಅದಲ್ಲ. ಕೆಲಸ ಮಾಡಿದ ಕೈ ಕೊಡು."

ಅಕ್ಕನ ಕಡೆ ನೋಡಿದೆ. ಅವಳು ಸೆರಗಿನಿಂದ ಮೂಗು ಒರೆಸುತ್ತಿದ್ದಳು. ನಿಧಾನವಾಗಿ ಎಡಗೈ ಚಾಚಿದೆ. ಎಡಗೈಯ ನೀರನ್ನೂ ಮುಟ್ಟದ ಆ ಭಾವ ಅದರಲ್ಲಿ ಉಂಡೆಯಿಟ್ಟು, ನನ್ನ ಬೆರಳುಗಳನ್ನು ತಾವೇ ಒಂದೊಂದಾಗಿ ಮಡಿಸಿದರು. ಆ ಕೈಗೆ ಯಾರಾದರೂ ತಿನ್ನಲು ಕೊಟ್ಟದ್ದು ಅದೇ ಮೊದಲು.

"ಅಳ್ತಾ ಇದೀಯೇನೋ?" ಎಂದು ಕಣ್ಣು ಕಿರಿದು ಮಾಡಿ ಕೇಳಿದರು.

ಅವರ ಅನುಮಾನ ಈ ಸಲವೂ ನಿಜವಾಗಿತ್ತು.