ಸೋನಾಲಿಯ ಕರುಳಿನ ಪರೀಕ್ಷೆ

ಬಾಲವಾಡಿಯ ಜಾರುಬಂಡೆಯಿಂದ ಒಬ್ಬ ಹುಡುಗ ಬಿದ್ದು ಹಣೆ ಒಡೆದುಕೊಂಡ. ಉಳಿದ ಮಕ್ಕಳೆಲ್ಲ ಹೋ ಎಂದು ಅತ್ತವು. ನಾಲ್ಕು ವರ್ಷದ ಸೋನಾಲಿ ಮಾತ್ರ ಬೆನ್ನು ತಿರುಗಿಸಿ ಗೊಂಬೆ ಜೋಡಿಸುತ್ತ ಕೂತಿದ್ದಳಂತೆ.

"ಇಂಥ ಕಲ್ಲುಮನಸ್ಸಿನ ಹುಡುಗಿ ನಮಗೆ ಬೇಡ. ಸೋಮವಾರದೊಳಗೆ ಸುಧಾರಿಸಿ, ಇಲ್ಲಾ ಹೆಸರು ಕಟ್," ಎಂದರು ಟೀಚರ್ ಶೈಲಾ.

ಅಪ್ಪ ದಾನಪ್ಪನಿಗೆ ಕೈಕಾಲೇ ಆಡಲಿಲ್ಲ. ವಿಕ್ರೋಳಿಯಲ್ಲಿ ಏಳುತ್ತಿದ್ದ ಬಹುಮಹಡಿ ಟವರ್ ಸೈಟಿಗೆ ಅವನೇ ಮುಕಾದಮ, ನಲವತ್ತು ಆಳು ಅವನ ಕೈಕೆಳಗೆ. ಮಗಳು ಸಿಮೆಂಟ್ ಧೂಳಲ್ಲೇ ಬೆಳೆದವಳು. ನಾಲ್ಕಕ್ಷರ ಕಲಿತು ಅಲ್ಲಿಂದ ಪಾರಾದರೆ ಸಾಕು ಅಂತ ಅವನಿಗೆ ಒಂದೇ ಆಸೆ, ಪಾಪ.

ಭಾನುವಾರ ಬೆಳಗ್ಗೆ ಆಳುಗಳ ಶೆಡ್ಡಿನ ಹೆಂಗಸರೆಲ್ಲ ಅವನ ಬಾಗಿಲಲ್ಲಿ ನೆರೆದರು.

"ರಕ್ತದಾಗೇ ಇರ್ತದ್ರಿ ಅದು," ಅಂದಳು ಬುಟ್ಟಿ ಹೊರುವ ರಾಚವ್ವ, ದಾನಪ್ಪನ ಮುಖವನ್ನೇ ನೋಡುತ್ತ.

"ಛೇ, ಬೆಳೆಸೋದ್ರಾಗ ಇರ್ತದ," ಅಂದಳು ಪಕ್ಕದ ಇಂದ್ರಾಬಾಯಿ.

"ಏ, ಸುಮ್ಮನಿರ್ರಿ! ನನ್ನ ರಕ್ತಕ್ಕ ಏನಾಗ್ಯದ? ನಾ ಬೆಳೆಸಿದ್ದಕ್ಕ ಏನಾಗ್ಯದ?" ದಾನಪ್ಪ ರೇಗಿದ.

ಸರಿ, ಹುಡುಗಿಗೆ ಮರುಕ ಇದೆಯೋ ಇಲ್ಲವೋ ಅಂತ ಪರೀಕ್ಷೆ ಶುರು. ಹೆಂಡತಿ ಭಾಗವ್ವ ಈರುಳ್ಳಿ ಹೆಚ್ಚಿಕೊಂಡು ಗೊಳೋ ಎಂದಳು. ಸೋನಾಲಿ ಬಿಸ್ಕತ್ತು ತಿಂದಳು. ಇಂದ್ರಾಬಾಯಿ ಬೆರಳಿಗೆ ಕುಂಕುಮ ಬಳಿದುಕೊಂಡು ನರಳಿದಳು. ಸೋನಾಲಿ ಇನ್ನೊಂದು ಬಿಸ್ಕತ್ತು ಕೇಳಿದಳು.

"ಅಪ್ಪನೇ ಬೀಳಬೇಕ್ರಿ. ಮ್ಯಾಲಿಂದ," ಅಂದಳು ರಾಚವ್ವ.

ನೀರಿನ ಡ್ರಮ್ಮಿನ ಮೇಲೆ ಸ್ಟೂಲಿಟ್ಟು ದಾನಪ್ಪ ಹತ್ತಿದ. ಜಾರಿದಂತೆ ಮಾಡಿದರೆ ಮುಗಿಯಿತು. ಆದರೆ ಸ್ಟೂಲಿಗೆ ಅದು ನಾಟಕ ಅಂತ ಗೊತ್ತಾಗಬೇಕಲ್ಲ! ಧಡ್! ಮೊಣಕಾಲ ಕೆಳಗೆ ಎಲುಬು ಲಟಕ್ಕೆಂದಿತು.

"ಯವ್ವಾ, ಸತ್ತೆ!"

ಸೋನಾಲಿ ಬಿಸ್ಕತ್ತು ಬಿಸಾಕಿ ಓಡಿ ಬಂದಳು. ಅಂಥ ನೋವಿನಲ್ಲೂ ದಾನಪ್ಪ ಹೆಂಗಸರತ್ತ ತಿರುಗಿ ಕೂಗಿದ. "ನೋಡ್ರಿ, ನನ್ನ ಮಗಳಿಗೆ ಕರುಳು ಅದ!"

ಮಗಳು ಮೂಲೆಯಲ್ಲಿದ್ದ ಸಿಮೆಂಟ್ ಚೀಲ ಮುಚ್ಚುವ ತಾಡಪತ್ರಿ ಎಳೆದು ತಂದು ಅಪ್ಪನಿಗೆ ಹೊದಿಸಿದಳು. ಕಾಲು, ಹೊಟ್ಟೆ, ಎದೆ, ಆಮೇಲೆ ಮುಖ. ಸೊಂಟಕ್ಕೆ ಕೈಯಿಟ್ಟು ಜನರತ್ತ ತಿರುಗಿ ಥೇಟ್ ಮುಕಾದಮನ ದನಿಯಲ್ಲಿ ಗದರಿದಳು: "ಕುಛ್ ನಹೀ ಹುವಾ! ಏನೂ ಆಗಿಲ್ಲ, ಯಾರೂ ನೋಡಬ್ಯಾಡ್ರಿ. ನಡೀರಿ, ಕೆಲಸಕ್ಕ ನಡೀರಿ!"

ಯಾರೂ ನಗಲಿಲ್ಲ. ಹೋದ ತಿಂಗಳು ರಾಚವ್ವನ ಗಂಡ ಹನ್ನೊಂದನೇ ಮಜಲಿನಿಂದ ಬಿದ್ದಾಗ ದಾನಪ್ಪ ಹೀಗೇ ಹೊದಿಸಿದ್ದ, ಹೀಗೇ ಗದರಿದ್ದ. ಆಗ ಸೋನಾಲಿ ಅವನ ಬೆರಳು ಹಿಡಿದುಕೊಂಡು ನಿಂತಿದ್ದಳು.

"ಏ, ಆಗ್ಯದ! ಕಾಲು ಮುರದದ! ದವಾಖಾನಿಗಿ ಒಯ್ಯಿರಿ!" ತಾಡಪತ್ರಿಯೊಳಗಿಂದ ದಾನಪ್ಪ ಚೀರಿದ. ಭಾಗವ್ವ ತೋಳು ಹಿಡಿದು ಎಳೆದಳು, ಒಬ್ಬಳಿಂದ ಎತ್ತಲಾಗಲಿಲ್ಲ.

ರಾಚವ್ವ ಸೆರಗು ಕೊಡವಿ ಎದ್ದಳು.

"ನಡೀರೆವ್ವಾ, ಸಣ್ಣ ಮುಕಾದಮರ ಹುಕುಂ ಆಗ್ಯದ."

ಒಬ್ಬೊಬ್ಬರಾಗಿ ಎಲ್ಲರೂ ಹೊರಟರು.